ಮಂತ್ರಿಯಮ್ಮ ಮತ್ತು ಅವರ ತಂಗಿ

ಕಣ್ಣಾಸ್ಪತ್ರೆಯಲ್ಲಿ ಅಮ್ಮನ ಕಣ್ಣಿಗೆ ಔಷಧಿ ಹಾಕಿ ಕೂರಿಸಿದ್ದರು. ಎದುರಿನ ಬೆಂಚಿನಲ್ಲಿದ್ದ ವಯಸ್ಸಾದ ಹೆಂಗಸನ್ನು ಟಿವಿಯಲ್ಲಿ ನೋಡಿ ನೋಡಿಯೇ ಬೆಳೆದವಳು ನಾನು. ಎಷ್ಟೋ ವರ್ಷ ಕೇಂದ್ರದಲ್ಲಿ ಮಂತ್ರಿಯಾಗಿದ್ದವರು. ಪಕ್ಕದಲ್ಲಿ ಅವರ ತಂಗಿ. ಒಳಗೆ ಗಂಟೆ ಹೊಡೆದದ್ದೇ ತಡ, ಮಂತ್ರಿಯಮ್ಮ ತಟ್ಟನೆ ಎದ್ದು ನಿಂತರು.

“ಕೂತ್ಕೋ ಅಕ್ಕ, ಅದು ನಮಗಲ್ಲ.”

“ಗೊತ್ತು ಕಣೆ. ಸದನದಲ್ಲಿ ಮತಕ್ಕೆ ಹಾಕೋವಾಗ ಹೀಗೇ ಹೊಡೀತಿದ್ರು. ಕಾಲು ತಾನಾಗೇ ಏಳುತ್ತೆ.”

“ಎಷ್ಟು ಸರ್ಕಾರ ಬಿದ್ರೂ ಕುರ್ಚಿಯಿಂದ ಏಳದೋಳು, ಈಗ ಏಳ್ತೀಯ.”

ಅಕ್ಕ ನಕ್ಕರು. ತಂಗಿ ನಗಲಿಲ್ಲ.

“ಯುದ್ಧಕ್ಕೆ ಮತ ಹಾಕಿದ ದಿನಾನೂ ಹೊಡೀತಲ್ಲ. ಫೋನಲ್ಲಿ ಬೇಡ್ಕೊಂಡೆ, ನನ್ನ ಮಗ ಗಡೀಲಿದ್ದಾನೆ, ಕೈ ಎತ್ತಬೇಡ ಅಂತ.”

“ನಾನೊಬ್ಬಳು ಎತ್ತದಿದ್ರೂ ಯುದ್ಧ ಆಗ್ತಿತ್ತು.”

“ಆಗ್ತಿತ್ತು. ಆದ್ರೂ ಎತ್ತಿದೆ. ಅವನು ವಾಪಸ್ ಬರಲೇ ಇಲ್ಲ.”

ಅಕ್ಕ ತಂಗಿಯ ಕಡೆ ತಿರುಗಿದರು.

“ನನ್ನ ಹತ್ರ ಬರ್ತಾನೆ ಕಣೆ. ಕಣ್ಣು ಮುಚ್ಚಿದ್ರೆ ಸಾಕು, ಬಾಗಿಲ ಹತ್ರ ನಿಂತಿರ್ತಾನೆ. ‘ದೊಡ್ಡಮ್ಮಾ’ ಅಂತಾನೆ, ಅಷ್ಟೇ.”

“ಸಿಪಾಯಿ ಬಟ್ಟೇಲಾ?”

“ಇಲ್ಲ. ನೀನು ಹೆಣೆದ ಹಳದಿ ಸ್ವೆಟರಲ್ಲಿ. ತೋಳು ಉದ್ದ ಆಗಿತ್ತಲ್ಲ, ಅದು.”

ತಂಗಿ ಕೈಚೀಲವನ್ನು ಎದೆಗೆ ಒತ್ತಿಕೊಂಡರು.

“ನನಗೆ ಒಂದು ದಿನಾನೂ ಕಾಣಿಸ್ಕೊಂಡಿಲ್ಲ.”

ಅಷ್ಟರಲ್ಲಿ ನರ್ಸ್ ಬಂದು ಅವರನ್ನು ಕರೆದಳು. ತಂಗಿ ಅಕ್ಕನ ತೋಳು ಹಿಡಿದು ಮೆಲ್ಲಗೆ ನಡೆಸಿಕೊಂಡು ಹೋದರು. ಬಾಗಿಲು ದಾಟುವಾಗ ತಂಗಿ ಹೇಳಿದ್ದು ನನಗೆ ಕೇಳಿಸಿತು.

“ಇವತ್ತು ಅವನು ಬಂದ್ರೆ, ನಿನ್ನಮ್ಮನ ಹತ್ರಾನೂ ಒಂದ್ಸಲ ಹೋಗಿ ಬಾ ಅಂತ ಹೇಳಕ್ಕ.”