ಆರನೆಯ ದೀಪ

ಅಕ್ಕು ದೊಡ್ಡಮ್ಮ ಬಾಳೆಲೆ ಒರೆಸಿಕೊಡುತ್ತಿದ್ದರು, ನಾನು ತುದಿ ಕತ್ತರಿಸಿ ಜೋಡಿಸಿಡುತ್ತಿದ್ದೆ. ಕೀಲ್ಪಾಕಿನ ನಮ್ಮ ಹೋಟೆಲಿನಿಂದ ಪ್ರತಿ ವರ್ಷ ದಸರಾ ಮುಗಿದ ಮೇಲೆ ಕೆಲಸದವರ ಒಂದು ತಂಡ ಸೈಕಲಿನಲ್ಲಿ ರಾಮೇಶ್ವರಕ್ಕೆ ಹೋಗಿಬರುತ್ತದೆ. ಆ ಸಂಜೆ ಅವರು ಮರಳಬೇಕಿತ್ತು. ತಮಿಳರ ಐಪ್ಪಸಿ ತಿಂಗಳ ಮಳೆ ರಸ್ತೆ ತುಂಬ ಹರಿಯುತ್ತಿದ್ದುದರಿಂದ ಗಿರಾಕಿಗಳಿರಲಿಲ್ಲ. ಅಡುಗೆಮನೆ ಕೆಲಸದ ಜಲಜಾ ಒಲೆಯ ಬಳಿಗೆ ಸ್ಟೂಲ್ ಎಳೆದುಕೊಂಡು ಹಿರಿಯ ಅಡುಗೆಯವರನ್ನು ಕೆಣಕಿದಳು.

"ಮೋನಪ್ಪಣ್ಣ, ಆ ದೀಪದ ಕತೆ ಹೇಳಿ. ಹಳತೇ ಸಾಕು, ಹೊಸತು ನಿಮಗೆ ಬರುವುದಿಲ್ಲ."

ಅದು ದೊಡ್ಡಮ್ಮನ ಮಗ ಸಂದೇಶನ ಕತೆ. ಅದನ್ನು ಎಲ್ಲರಿಗಿಂತ ಆಸೆಯಿಂದ ಕೇಳುತ್ತಿದ್ದವರೂ ದೊಡ್ಡಮ್ಮನೇ.

"ಆರು ವರ್ಷ ಆಯ್ತು... ಇದೇ ಮಳೆ. ನಾವು ಏಳು ಜನ, ಹನ್ನೊಂದು ದಿನ ತುಳಿದು ತುಳಿದು ತೊಡೆ ಕಲ್ಲಾಗಿತ್ತು, ಇನ್ನೇನು ಮನೆ ಮುಟ್ಟಿದ ಹಾಗೆಯೇ ಅಂತ ತಾಂಬರಂ ದಾಟುವಾಗ ಕತ್ತಲಾಯ್ತು. ಕತ್ತಲಲ್ಲಿ ಮುಖ ಕಾಣ್ತದಾ? ಮುಂದಿನವನು ತಿರುಗಿ ದೀಪ ಎಣಿಸುವುದು, ಅದೇ ನಮ್ಮ ಕ್ರಮ. ಮುಂದೆ ನಾನು, ಕೊನೆಗೆ ಸಂದೇಶ್. ತಾಂಬರಂ ಕಳೆದು ಪಲ್ಲಾವರಂನಲ್ಲಿ ಎಣಿಸಿದೆ, ಹಿಂದೆ ಆರು ದೀಪ. ಮುಂದೆ ಗಿಂಡಿ ತಲುಪಿದಾಗ ಎಣಿಸಿದೆ, ಆರು. ಈ ಬಾಗಿಲಲ್ಲಿ ಇಳಿದು ನೋಡಿದರೆ ನನ್ನ ಹಿಂದೆ ಐದೇ ಜನ... ಅವನು ತಾಂಬರಂನಲ್ಲೇ ಯಾವುದೋ ಗಾಡಿ ತಾಗಿ ಚರಂಡಿಗೆ ಬಿದ್ದಿದ್ದ. ಹಾಗಾದರೆ ಇಲ್ಲಿವರೆಗೆ ಬಂದ ಆ ಆರನೇ ದೀಪ ಯಾರದ್ದು?"

ದೊಡ್ಡಮ್ಮ ಯಾವಾಗಲೂ ಹೇಳುವುದನ್ನೇ ಹೇಳಿದರು. "ಬಾಗಿಲಿನವರೆಗೆ ಬಂದಿದ್ದಾನಲ್ಲ, ನನ್ನ ಮಗ."

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮೋನಪ್ಪಣ್ಣ ಮುಗಿಸಲಿಲ್ಲ.

"ಬರಲಿಲ್ಲ ಅಕ್ಕು. ಪಲ್ಲಾವರಂನಲ್ಲಿ ನಾನು ಎಣಿಸಿದ್ದು ಐದು... ಎರಡು ಸಲ ಎಣಿಸಿದೆ, ಐದೇ. ಇಲ್ಲಿ ಹೋಟೆಲಿನ ಧನಿಗಳು ಹಾರ ಹಿಡಿದು, ಫೋಟೋದವನನ್ನು ನಿಲ್ಲಿಸಿ, ಎಲ್ಲಿದ್ದೀರಿ ಎಲ್ಲಿದ್ದೀರಿ ಅಂತ ಫೋನ್ ಮೇಲೆ ಫೋನ್. ಪಂಕ್ಚರ್ ಆಗಿರಬಹುದು, ಹಿಂದಿನಿಂದ ಬರ್ತಾನೆ ಅಂದುಕೊಂಡೆ. ತಿರುಗಿ ಹೋಗಿದ್ದರೆ ಎಷ್ಟು ದಾರಿ, ಹೇಳಿ? ಅರ್ಧ ಗಂಟೆ. ಅವನಿಗೆ ರಾತ್ರಿ ಒಂಬತ್ತರವರೆಗೂ ಜೀವ ಇತ್ತಂತೆ, ಆಸ್ಪತ್ರೆಯವರು ಹೇಳಿದ್ದು. ಕುತ್ತಿಗೆಗೆ ಹಾರ ಬಿದ್ದ ಮೇಲೆ ಐದು ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ, ಆರು ಅಂದೆ. ಆ ದೆವ್ವವನ್ನು ಹುಟ್ಟಿಸಿದ್ದು ನಾನು."

ದೊಡ್ಡಮ್ಮನ ಕೈ ಎಲೆಯ ಮೇಲೆಯೇ ನಿಂತುಬಿಟ್ಟಿತು. ಆರು ವರ್ಷ ಮೋನಪ್ಪಣ್ಣನ ಕೈಯ ಅನ್ನ ಉಂಡವರು, ಅವರ ಮುಖವನ್ನೇ ನೋಡುತ್ತ ಕೂತರು.

"ಹುಟ್ಟಿಸಿದ್ದು ನಾನಾದರೂ... ಈಗ ಅದು ನನ್ನ ಮಾತು ಕೇಳುವುದಿಲ್ಲ. ಈ ಸಲ ಹೋದದ್ದು ಎಷ್ಟು ಜನ? ವಿಶ್ವನಾಥನೂ ಸೇರಿ ಐದು. ಅವನು ಮುಂದೆ, ಹಿಂದೆ ನಾಲ್ಕು ದೀಪ ಇರಬೇಕು, ಅಲ್ವಾ? ಆಗಲೇ ಪಲ್ಲಾವರಂನಿಂದ ಫೋನ್ ಮಾಡಿದ್ದ. ಏನೂ ತೊಂದರೆ ಇಲ್ಲ ಮೋನಪ್ಪಣ್ಣ, ಎಣಿಸಿದೆ, ಹಿಂದೆ ಐದೂ ಬರ್ತಾ ಉಂಟು ಅಂದ... ಕಳೆದ ವರ್ಷವೂ ಒಂದು ಹೆಚ್ಚೇ ಹೇಳಿದ್ದ. ನಾನು ಯಾರಿಗೂ ಹೇಳಲಿಲ್ಲ."

ಅವರು ಎದ್ದು ಪಂಚೆ ಸರಿಮಾಡಿಕೊಂಡರು.

"ಇನ್ನೇನು ಬಂದುಬಿಡ್ತಾರೆ. ಯಾರಾದರೂ ನನ್ನೊಟ್ಟಿಗೆ ಬಾಗಿಲಲ್ಲಿ ನಿಲ್ಲಿ."

ಜಲಜಾ ಒಲೆಯ ಕಡೆ ತಿರುಗಿದಳು. ನಾನು ಎಲೆ ಕೊಯ್ಯುವ ಕತ್ತಿಯನ್ನು ನೋಡುತ್ತ ಕೂತೆ.

"ಒಬ್ಬರು ಸಾಕು," ಎಂದರು ಮೋನಪ್ಪಣ್ಣ.

ಯಾರೂ ಏಳಲಿಲ್ಲ.