ಎಲೆಪೆಟ್ಟಿಗೆಯ ಮುಚ್ಚಳದೊಳಗಿನ ಚಿತ್ರ

2024ರ ಮೇ 19, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಓಮಲೂರಿನ ಬಸ್ ನಿಲ್ದಾಣದಲ್ಲಿ ಮೆಟ್ಟೂರು ಬಸ್ಸಿಗೆ ಕಾಯುತ್ತಿದ್ದ ಭೌತಶಾಸ್ತ್ರದ ಮೇಷ್ಟ್ರು ಪ್ರಭಾಕರ್ ಅವರ ಬೆನ್ನ ಹಿಂದೆಯೇ ಅಕ್ಕ ತಮ್ಮನ ಜಗಳ ಹತ್ತಿಕೊಂಡಿತು. ತೊಪ್ಪೂರಿನಲ್ಲಿ ಮರುದಿನ ತಮ್ಮನ ಮಗಳ ಮದುವೆ. ಅಕ್ಕನನ್ನು ಕರೆದೊಯ್ಯಲು ಅವನೇ ಬಂದಿದ್ದ.

“ಲೇ ಮಾದೇವ, ಅಜ್ಜಿ ಎಲೆ-ಅಡಿಕೆ ಪೆಟ್ಟಿಗೆ ಮುಚ್ಚಳದೊಳಗಿನ ಚಿತ್ರಾನ ಮಂಡಪದ ಬಾಗ್ಲಿಗೆ ಫ್ಲೆಕ್ಸ್ ಆಕ್ಸಿದ್ದೀಯಲ್ಲೋ!”

“ಅದು ಹತ್ತೊಂಬತ್ತನೇ ಶತಮಾನದ್ದಂತೆ ಅಕ್ಕ. ಸೇಲಂ ಸಾರೊಬ್ರು ನೋಡಿ ಸೂಪರ್ ಅಂದ್ರು.”

“ಶತಮಾನ ಕಳೆದ್ರೆ ಆ ಚಿತ್ರದೋಳ ಎದೆಗೆ ಸೆರಗು ಬಂದ್ಬುಡ್ತದಾ? ಮದುವೆ ಮುಂಚಿನ ದಿನ ಮನೆ ಎಂಗಸ್ರು ಬಾಗ್ಲಾಕ್ಕೊಂಡು ಮದುಮಗಳೊಬ್ಳಿಗೇ ತೋರ್ಸೋ ಚಿತ್ರ ಅದು. ಗಂಡಸು ನೀನು ಮುಚ್ಚಳ ತೆಗೆದಿದ್ದೇ ತಪ್ಪು.”

“ಕಲೆ ಅಕ್ಕ ಅದು. ನಾಕು ಜನ ನೋಡ್ಲಿ.”

“ನಾಕು ಜನವಾ? ಬೆಂಗಳೂರು ಲಾರಿಗಳೆಲ್ಲಾ ನಿಂತ್ಕೊಂಡು ನೋಡ್ತಾವಂತೆ! ‘ಅತ್ತೆ, ನಂಗೆ ತೋರ್ಸಕ್ಕೆ ಇನ್ನೇನು ಉಳ್ದೈತೆ’ ಅಂತ ನಿನ್ನ ಮಗಳು ಫೋನಲ್ಲಿ ಅಳ್ತಾವ್ಳೆ.”



“ಫ್ಲೆಕ್ಸ್ ಹನ್ನೆರಡಡಿ ಉದ್ದ ಐತೆ ಅಕ್ಕ. ಬಿಚ್ಚಕ್ಕೆ ಇವತ್ತು ಆಳು ಸಿಗಲ್ಲ.”

“ಬಿಚ್ಚಬ್ಯಾಡ. ಮದುವೇಗೆ ಅಂತ ನೀನು ನಂಗೆ ಕೊಡ್ಸಿದ ರೇಷ್ಮೆ ಸೀರೆ ಚೀಲದಲ್ಲೈತೆ. ಆ ಚಿತ್ರದೋಳಿಗೇ ಉಡಿಸ್ತೀನಿ.”

ಧರ್ಮಪುರಿ ಬಸ್ಸು ಬಂತು. ಅಕ್ಕ ಮುಂದೆ ಹತ್ತಿದಳು. ತಮ್ಮ ಆ ಚೀಲವನ್ನು ಎದೆಗವಚಿಕೊಂಡು ಹಿಂದೆ ಹತ್ತಿದ. ಪ್ರಭಾಕರ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸೀರೆಯ ಉದ್ದ ಹದಿನೆಂಟು ಅಡಿ. ಫ್ಲೆಕ್ಸಿಗೆ ಹನ್ನೆರಡು ಹೋದರೂ ಸೆರಗಿಗೆ ಆರಡಿ ಉಳಿಯುತ್ತದೆ.