ಹೊಳೆವ್ವ ಹೇಳಿದ ಪ್ರಳಯ

ದನಿ ಸಣ್ಣದು ಮಾಡ್ರಿ... ಹೇಳ್ತೇನಿ.

ಮಾಸೂರಾಗಿನ ನಮ್ಮ ಚಿಗವ್ವ ಹೊಳೆವ್ವ, ಹೋದ ವರ್ಷ ಒಂದ್ ರಾತ್ರಿ ಆಲದ ಮರದ ಬಾಜೂಕಿನ ಬಾವಿ ಹಾದಿ ಹಿಡದು ಮನಿಗೆ ಬರಾಕತ್ತಿದ್ಲು. ಒಬ್ಬಾಕಿನ. ಯಾಕಂದ್ರ... ಆಗಷ್ಟ ಊರ ಮುಂದ ಒಂದ್ ವಿಡಿಯೋ ತೋರಿಸಿದ್ರು.

ಮಾಡಿದಾಕಿ ಶೀಲಾ. ಧಾರವಾಡದಾಗ ಚಿತ್ರಕಲಾ ಕಲಿತಾಕಿ. ಒಂದ್ ತಿಂಗಳು ಚಿಗವ್ವನ ಮನ್ಯಾಗ ಇದ್ದು, ಆಕಿ ಬಡದ ರೊಟ್ಟಿ ಉಂಡ್ಲು. "ಪ್ರಳಯ ಎಲ್ಲಾರಿಗೂ ಒಮ್ಮೆಲೇ ಬರೂದಲ್ರಿ ಅವ್ವಾ. ಒಬ್ಬೊಬ್ಬರ ಮನಿಗೆ ಒಂದೊಂದು ದಿನ ಬಂದು ಹೋಗಿರ್ತೈತಿ. ನಿಮ್ಮನಿಗೆ ಯಾವಾಗ ಬಂತು?" ಅಂತ ಕೇಳಿದ್ಲು.

ಆರು ವರ್ಷದ ಹಿಂದ ಚಿಗವ್ವನ ಮಗಳು ನಾಗರತ್ನಾ ಅದ ಬಾವ್ಯಾಗ ಸತ್ತಿದ್ಲು. ಕಾಲು ಜಾರಿ ಬಿದ್ಲು ಅಂತ ಊರೆಲ್ಲಾ ತಿಳಕೊಂಡಿತ್ತು. ಆದ್ರ ಅವತ್ತ ಮುಂಜಾನೆ ತಾಯಿ ಮಗಳ ನಡುವ ಜಗಳ ಆಗಿತ್ತು. ಅದು ಆಕಿ ಗಂಡ ನೀಲಪ್ಪ ಕಾಕಾಗೂ ಗೊತ್ತಿರಲಿಲ್ಲ.

"ಕ್ಯಾಮೆರಾ ಬಂದ್ ಐತೇನ ಮಗಳ?"

"ಬಂದ್ ಐತಿ. ಹೇಳ್ರಿ."

ಚಿಗವ್ವ ಹೇಳಿದ್ಲು.

ವಿಡಿಯೋ ತೋರಿಸಿದ ಆ ರಾತ್ರಿ ಬಿಳೇ ಬಟ್ಟಿ ಮ್ಯಾಲ ಬಾವಿ ಕಾಣಿಸ್ತು. ಹನಿ ಕೆಳಗಿಂದ ಮ್ಯಾಲ ಏರಾಕತ್ತಿದ್ವು. ಮುಳುಗಿದ ಕಲ್ಲು ಹೊರಳಿ ಕೈಗೆ ಬಂತು. ಪ್ರಳಯ ಉಲ್ಟಾ ನಡದಂಗ... ಆಮ್ಯಾಲ ದೊಡ್ಡ ಸ್ಪೀಕರಿನ್ಯಾಗ ಚಿಗವ್ವನ ದನಿ:

"ಬಾವಿಗೆ ಬಿದ್ದು ಸಾಯಿ ಅಂದೆ... ನಾನ, ಹಡದಾಕಿ."

ನೀಲಪ್ಪ ಕಾಕಾ ಎದ್ದು ತಮ್ಮನ ಮನಿಗೆ ನಡದಬಿಟ್ಟ. ಹೇಣ್ತಿ ಮಾರಿ ಸೈತ ನೋಡ್ಲಿಲ್ಲ.

"ಬಂದ್ ಐತಿ ಅಂದಿದ್ದಿ ಅಲ್ಲ ಮಗಳ..."

"ಇದು ನಿಮ್ಮೊಬ್ಬರ ಕತಿ ಅಲ್ರಿ ಅವ್ವಾ," ಅಂದ್ಲು ಶೀಲಾ. ವೈರ್ ಸುತ್ತಾಕತ್ತಿದ್ಲು.

ಬಾವಿ ಹತ್ರ ಚಿಗವ್ವಗ ಸಪ್ಪಳ ಕೇಳ್ತು. ತೊಟಕ್... ತೊಟಕ್... ತೊಯ್ದ ಲಂಗದ ನೀರು ಕಲ್ಲಿಗೆ ಬೀಳೂ ಸಪ್ಪಳ. ಬಳಿ ಒಮ್ಮೆ ಖಿಣ್ಣಂದ್ವು.

"ಅವ್ವಾ... ಅವತ್ತ ನಾ ಜಾರಿ ಬಿದ್ದೆ. ನೀ ಅಂದಿದ್ದು ನನಗ ಕೇಳಿಸಿರಲಿಲ್ಲ."

ಚಿಗವ್ವ ಬಾವಿ ಕಡೆ ಒಂದ್ ಹೆಜ್ಜಿ ಇಟ್ಲು. ಆರು ವರ್ಷ ಕಾದಿದ್ದ ಮಾತು ಅದು.

"ಇವತ್ತ ಕೇಳಿಸ್ತು ಅವ್ವಾ."

ಓಡಿ ಬಂದ್ಲು. ಬಾಗಲದ ಕೀಲಿ ತಗದ್ಲು. ಬಾಗಲಾ ಅಲಗಾಡ್ಲಿಲ್ಲ. ಒಳಗಿಂದ ಚಿಲಕಾ ಬಿದ್ದಿತ್ತು. "ತಗಿಯ ನಾಗರತ್ನಾ... ನಿಮ್ಮವ್ವ ಅದೇನಿ..." ಅಂತ ಬಡದ್ಲು, ಅತ್ಲು. ಬಾಜೂ ಮನ್ಯಾಗಿದ್ದ ನಾ ಎದ್ದು ಬಂದೆ.

ಯಾರೋ ಹೇಳಿದ್ದು ಹೇಳಾಕತ್ತಿಲ್ಲ. ಹಂಚು ತಗದು ಒಳಗ ಇಳದಾಂವ ನಾನ. ಒಳಗ ಒಂದ್ ಜೀವಾನೂ ಇರಲಿಲ್ಲ. ಈ ಕೈಲೇ ಚಿಲಕಾ ಹಿಡದು ಸರಿಸಿದೆ... ತೊಯ್ದಿತ್ತು.